ಮೋಡದ ಮನೆಯ ಬೀಗ ಯಾರ ಕೈಯಲ್ಲಿ?

ಲಕ್ಷಗಟ್ಟಲೆ ಗಿರಾಕಿಗಳ ಹೆಸರು, ವಿಳಾಸ, ಫೋನ್ ಕರೆಗಳ ಲೆಕ್ಕ, ವ್ಯಾಪಾರದ ವಹಿವಾಟು ಎಲ್ಲವನ್ನೂ ತುಂಬಿಡಬಲ್ಲ ಉಗ್ರಾಣವೊಂದನ್ನು ತೆರೆಯಲು ಎಷ್ಟು ಹೊತ್ತು ಬೇಕು? ಕಟ್ಟಡ ಬೇಡ, ಯಂತ್ರ ಬೇಡ, ಹವಾನಿಯಂತ್ರಿತ ಕೋಣೆಯೂ ಬೇಡ. ಒಂದು ಇ-ಮೇಲ್ ವಿಳಾಸವಿದ್ದರೆ ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತದೆ. ‘ಕ್ಲೌಡ್’ ಎಂದು ಕರೆಸಿಕೊಳ್ಳುವ ಮೋಡದ ಉಗ್ರಾಣಗಳ ಸೊಗಸೇ ಅದು. ಅಪಾಯವೂ ಅಲ್ಲೇ ಅಡಗಿದೆ.

ಹೆಸರಿಗೆ ಮೋಡವಾದರೂ ಈ ಉಗ್ರಾಣ ಇರುವುದು ನೆಲದ ಮೇಲೆಯೇ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಕಂಪನಿಗಳು ಜಗತ್ತಿನ ಹಲವೆಡೆ ಭಾರಿ ಕಂಪ್ಯೂಟರ್ ಕೇಂದ್ರಗಳನ್ನು ಕಟ್ಟಿವೆ. ಅವನ್ನೇ ಬಾಡಿಗೆಗೆ ಪಡೆದು, ಅವುಗಳ ಮೇಲೆ ಮಾಹಿತಿ ಕೂಡಿಡುವ, ಲೆಕ್ಕ ಹಾಕಿಕೊಡುವ ವ್ಯವಸ್ಥೆ ನಡೆಸುವ ಕಂಪನಿಗಳೂ ಇವೆ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಸ್ನೋಫ್ಲೇಕ್’ ಅಂಥವುಗಳಲ್ಲಿ ಹೆಸರುವಾಸಿ.

ಇದರಲ್ಲಿ ಖಾತೆ ತೆರೆಯುವವರು ಮೊದಲು ಹೆಸರು, ಇ-ಮೇಲ್, ಕಂಪನಿಯ ಹೆಸರು ತುಂಬಬೇಕು. ಮೂರು ಕಂಪನಿಗಳಲ್ಲಿ ಯಾರ ಕಂಪ್ಯೂಟರ್ ಕೇಂದ್ರ, ಯಾವ ಊರಿನದು ಎಂದು ಆರಿಸಬೇಕು. ಬೆಂಗಳೂರಿನವರು ಅಮೆಜಾನ್‌ನ ಮುಂಬೈ ಕೇಂದ್ರವನ್ನೋ ಮೈಕ್ರೋಸಾಫ್ಟ್‌ನ ಪುಣೆ ಕೇಂದ್ರವನ್ನೋ ಆರಿಸಿಕೊಳ್ಳಬಹುದು. ಇಲ್ಲಿ ಅವಸರ ಸಲ್ಲದು. ಒಮ್ಮೆ ತೆರೆದ ಖಾತೆಯ ಊರನ್ನು ಆಮೇಲೆ ಬದಲಿಸಲಾಗದು. ಬೇರೆ ಊರು ಬೇಕೆಂದರೆ ಇನ್ನೊಂದು ಖಾತೆ ತೆರೆದು ಸಾಮಾನು ಸಾಗಿಸಬೇಕು. ನಂತರ ಇ-ಮೇಲ್‌ಗೆ ಬರುವ ಕೊಂಡಿಯನ್ನು ಒತ್ತಿ, ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಇಟ್ಟುಕೊಂಡರೆ ಬಾಗಿಲು ತೆರೆಯುತ್ತದೆ.

ಹೊಸಬರು ಎಡವುವ ಜಾಗ ಒಂದಿದೆ. ಸಂಸ್ಥೆಯ ಹೆಸರು ಮತ್ತು ಖಾತೆಯ ಹೆಸರು ಕೂಡಿದ ಗುರುತೊಂದು ಪ್ರತಿ ಖಾತೆಗೂ ಇರುತ್ತದೆ. ಅದು ಮನೆ ಸಂಖ್ಯೆ ಇದ್ದಂತೆ. ಪಾಸ್‌ವರ್ಡ್ ಸರಿಯಾಗಿದ್ದೂ ಈ ಗುರುತು ತಪ್ಪಿದರೆ, ಬೇರೆಯವರ ಬಾಗಿಲಿಗೆ ತನ್ನ ಕೀಲಿ ಹಾಕಿ ತಿರುಗಿಸಿದಂತಾಗುತ್ತದೆ. ಇನ್ನು, ಖಾತೆ ತೆರೆದ ಮೊದಲ ವ್ಯಕ್ತಿಗೆ ಯಜಮಾನಿಕೆ ತಾನಾಗಿಯೇ ದಕ್ಕುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರು ಏನು ನೋಡಬೇಕು ಎಂಬುದೆಲ್ಲ ಆತನ ಕೈಯಲ್ಲಿ. ಬಾಡಿಗೆ ಕೊಟ್ಟ ಕಂಪನಿ ಗೋಡೆಗೆ ಹೊಣೆ. ಕೀಲಿಗೆ ಬಾಡಿಗೆದಾರನೇ ಹೊಣೆ. ಈ ವ್ಯಾಪಾರದ ಕರಾರು ಇರುವುದೇ ಹೀಗೆ.

ಕೀಲಿಯ ಕಥೆ ಹಳೆಯದು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. 1962ರಲ್ಲೇ ಅದಕ್ಕೆ ಕನ್ನ ಬಿತ್ತು. ವಾರಕ್ಕೆ ಕೆಲವೇ ಗಂಟೆಗಳ ಕಂಪ್ಯೂಟರ್ ಸಮಯ ಸಾಲದೆ ಒದ್ದಾಡುತ್ತಿದ್ದ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಕಂಪ್ಯೂಟರಿಗೆ ರಂಧ್ರದ ಕಾರ್ಡು ಕೊಟ್ಟ. ಅದು ಚಾಚೂ ತಪ್ಪದೆ ಮುದ್ರಿಸಿತು! ಮುಂದೆ ಆತ ಇನ್ನೊಬ್ಬರ ಹೆಸರಿನಲ್ಲಿ ಒಳಹೊಕ್ಕು ಕೆಲಸ ಮುಗಿಸಿಕೊಂಡ. ಕೀಲಿ ಹಿಡಿದವನು ನಿಜವಾದ ಯಜಮಾನನೋ ಅಲ್ಲವೋ ಎಂಬುದು ಬೀಗಕ್ಕೆ ತಿಳಿಯದು.

ಆರು ದಶಕಗಳ ನಂತರ, 2024ರಲ್ಲಿ, ಅದೇ ಪಾಠ ದುಬಾರಿ ಬೆಲೆಗೆ ಮತ್ತೆ ಸಿಕ್ಕಿತು. ಸ್ನೋಫ್ಲೇಕ್‌ನಲ್ಲಿ ಮಾಹಿತಿ ಇಟ್ಟಿದ್ದ ಕಂಪನಿಗಳ ಖಾತೆಗಳಿಗೆ ಕಳ್ಳರು ನುಗ್ಗಿದರು. ತನಿಖೆಗಿಳಿದ ಮ್ಯಾಂಡಿಯಂಟ್ ಸಂಸ್ಥೆಯ ಪ್ರಕಾರ ಅಪಾಯಕ್ಕೆ ಸಿಕ್ಕಿರಬಹುದಾದ ಸಂಸ್ಥೆಗಳು ಸುಮಾರು 165. ಗೋಡೆ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಕಳ್ಳರು ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಕೊಟ್ಟು ಮುಂಬಾಗಿಲಿನಿಂದಲೇ ಬಂದಿದ್ದರು.

ಕೀಲಿ ಅವರಿಗೆ ಸಿಕ್ಕಿದ್ದೆಲ್ಲಿ? ನೌಕರರ, ಗುತ್ತಿಗೆದಾರರ ಕಂಪ್ಯೂಟರ್‌ಗಳಲ್ಲಿ ಸದ್ದಿಲ್ಲದೆ ಕುಳಿತು ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳಿಂದ. ಆಟ ಆಡಲು, ಕಳ್ಳಪ್ರತಿ ತಂತ್ರಾಂಶ ಇಳಿಸಿಕೊಳ್ಳಲು ಬಳಸುತ್ತಿದ್ದ ಕಂಪ್ಯೂಟರ್‌ನಿಂದಲೇ ಕೆಲವರು ಕಂಪನಿಯ ಉಗ್ರಾಣಕ್ಕೂ ಪ್ರವೇಶಿಸುತ್ತಿದ್ದರು. ಕೆಲವು ಪಾಸ್‌ವರ್ಡ್‌ಗಳು ಕದ್ದುಹೋಗಿದ್ದು 2020ರಷ್ಟು ಹಿಂದೆ. ಆದರೂ ಯಾರೂ ಅವನ್ನು ಬದಲಿಸಿರಲಿಲ್ಲ. ಇಂಥ ಕಚೇರಿಯ ಕಂಪ್ಯೂಟರಿನಿಂದ ಬಂದರೆ ಮಾತ್ರ ಒಳಗೆ ಬಿಡು ಎಂಬ ಕಟ್ಟಳೆಯೂ ಆ ಖಾತೆಗಳಿಗೆ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪಾಸ್‌ವರ್ಡ್ ಕೊಟ್ಟ ಮೇಲೆ ಮೊಬೈಲ್ ಮೂಲಕ ಮತ್ತೊಮ್ಮೆ ಗುರುತು ಕೇಳುವ ಎರಡನೇ ಬೀಗವನ್ನು ಹಾಕಿರಲಿಲ್ಲ.

ಈ ಎರಡನೇ ಬೀಗ ನಮ್ಮವರಿಗೆ ಹೊಸದಲ್ಲ. ಅಂತರಜಾಲದಲ್ಲಿ ಕಾರ್ಡ್ ಬಳಸಿ ಹಣ ಪಾವತಿಸುವಾಗ ಇನ್ನೊಂದು ಗುರುತನ್ನು ಕೇಳಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿತು. ನೂರು ರೂಪಾಯಿಯ ಖರೀದಿಗೂ ಓಟಿಪಿ ಒತ್ತುವ ಗೃಹಿಣಿಗೆ ಇರುವ ರಕ್ಷಣೆ, ಕೋಟ್ಯಂತರ ಜನರ ವಿವರ ಇಟ್ಟಿದ್ದ ಆ ಖಾತೆಗಳಿಗೆ ಇರಲಿಲ್ಲ.

ನಷ್ಟ ಯಾರದು? ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿ 2024ರ ಜುಲೈನಲ್ಲಿ ಒಪ್ಪಿಕೊಂಡಂತೆ, 2022ರ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಕರೆ ಮತ್ತು ಸಂದೇಶಗಳ ದಾಖಲೆ ಕಳವಾಗಿತ್ತು. ಅದು ಅದರ ಬಹುತೇಕ ಎಲ್ಲ ಮೊಬೈಲ್ ಗಿರಾಕಿಗಳಿಗೂ ಸಂಬಂಧಿಸಿದ್ದು. ಮಾತು ಏನೆಂಬುದು ಅದರಲ್ಲಿರಲಿಲ್ಲ, ನಿಜ. ಆದರೆ ಯಾವ ಸಂಖ್ಯೆ ಯಾವ ಸಂಖ್ಯೆಯೊಡನೆ ಎಷ್ಟು ಸಲ ಮಾತಾಡಿತು ಎಂಬುದಿತ್ತು. ವೈದ್ಯರಿಗೋ ವಕೀಲರಿಗೋ ಗುಟ್ಟಾಗಿ ಫೋನ್ ಮಾಡಿದವರ ಪಾಲಿಗೆ ಅಷ್ಟೇ ಸಾಕಲ್ಲವೆ? ಆ ಉಗ್ರಾಣದ ಹೆಸರನ್ನೇ ಕೇಳಿರದ ಜನ ಅವರು. ಖಾತೆ ತೆರೆದವರು ಅವರಲ್ಲ, ಪಾಸ್‌ವರ್ಡ್ ಇಟ್ಟವರೂ ಅವರಲ್ಲ.

ತಮ್ಮ ಗೋಡೆ ಭದ್ರವಾಗಿಯೇ ಇತ್ತು ಎಂಬ ಕಂಪನಿಯ ಮಾತು ಸುಳ್ಳಲ್ಲ. ಆದರೆ ಎರಡನೇ ಬೀಗವನ್ನು ಬೇಕಾದವರು ಹಾಕಿಕೊಳ್ಳಲಿ ಎಂದು ಬಾಡಿಗೆದಾರರ ಮರ್ಜಿಗೆ ಬಿಟ್ಟದ್ದೂ ಸುಳ್ಳಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ, 2024ರ ಅಕ್ಟೋಬರ್‌ನಿಂದ ತೆರೆಯುವ ಹೊಸ ಖಾತೆಗಳಲ್ಲಿ ಮನುಷ್ಯ ಬಳಕೆದಾರರಿಗೆಲ್ಲ ಎರಡನೇ ಗುರುತು ಮೊದಲಿನಿಂದಲೇ ಜಾರಿಯಲ್ಲಿರುವಂತೆ ಮಾಡಲಾಯಿತು. ಹೊಸ ಪಾಸ್‌ವರ್ಡ್ ಕನಿಷ್ಠ 14 ಅಕ್ಷರಗಳಷ್ಟಿರಬೇಕೆಂಬ ನಿಯಮವೂ ಬಂತು.

ಕಂಪನಿಯ ಕೆಲಸಕ್ಕಾಗಿ ಇಂಥ ಖಾತೆ ತೆರೆಯುವವರು ಮೊದಲ ದಿನವೇ ಮಾಡಿ ಮುಗಿಸಬೇಕಾದ ಕೆಲಸಗಳು ಹೆಚ್ಚೇನಿಲ್ಲ. ಎರಡನೇ ಬೀಗ ಹಾಕುವುದು. ಯಜಮಾನಿಕೆಯನ್ನು ನಂಬಿಕಸ್ಥರಾದ ಇಬ್ಬರಿಗೆ ಕೊಟ್ಟು, ದಿನನಿತ್ಯದ ಕೆಲಸಕ್ಕೆ ಅದನ್ನು ಬಳಸದಿರುವುದು. ಕೆಲಸ ಬಿಟ್ಟು ಹೋದವರ ಪ್ರವೇಶವನ್ನು ಅಂದೇ ರದ್ದು ಮಾಡುವುದು. ಮಕ್ಕಳು ಆಟವಾಡುವ ಕಂಪ್ಯೂಟರಿನಿಂದ ಒಳಹೋಗದಿರುವುದು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಉಳಿಸಿದವರ ಪರವಾಗಿ ದಂಡ ತೆರುವವರು ಎಲ್ಲೋ ದೂರದಲ್ಲಿ ಫೋನ್ ಹಿಡಿದು ಕುಳಿತಿರುವ ಅಪರಿಚಿತರು.