ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಪಳಗಿದ ಕೈ

ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮೊದಲ ಸಲ ಜನಸಾಮಾನ್ಯರ ಕಾರಿಗೆ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್‌ನೊಂದಿಗೆ. ಜನರಲ್ ಮೋಟರ್ಸ್ ಅದಕ್ಕೆ ಹೈಡ್ರಾಮ್ಯಾಟಿಕ್ ಎಂದು ಹೆಸರಿಟ್ಟಿತು. ಅದರ ಹಿಂದೆಯೇ 1948ರಲ್ಲಿ ಬ್ಯೂಯಿಕ್‌ನ ಡೈನಾಫ್ಲೋ, 1950ರಲ್ಲಿ ಷೆವರ್ಲೆಯ ಪವರ್‌ಗ್ಲೈಡ್, 1956ರಲ್ಲಿ ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್, 1964ರಲ್ಲಿ ಫೋರ್ಡ್‌ನ ಸಿ4 ಬಂದವು. ಈ ಕಾರುಗಳನ್ನು ಇಂದಿಗೂ ಮುದ್ದಿನಿಂದ ಸಾಕಿಕೊಂಡವರು ಅಮೆರಿಕದ ತುಂಬ ಇದ್ದಾರೆ. ಎಂಜಿನ್ ಕೈಕೊಟ್ಟರೆ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಹೇಗೋ ಸಿಗುತ್ತಾನೆ. ಗೇರ್‌ಬಾಕ್ಸ್ ಕೈಕೊಟ್ಟರೆ ಅದನ್ನು ಬಲ್ಲವರು ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಭಾರಿ.

ಇದಕ್ಕೆ ಕಾರಣ ಕಾಲ. ಈಗಿನ ಗೇರ್‌ಬಾಕ್ಸ್‌ಗಳಲ್ಲಿ ಎಂಟು, ಹತ್ತು ಗೇರುಗಳಿರುತ್ತವೆ, ಅವನ್ನು ಕಂಪ್ಯೂಟರ್ ಆಳುತ್ತದೆ. ಕೆಟ್ಟರೆ ಹಲವು ಗ್ಯಾರೇಜುಗಳು ಒಳಗೆ ಕೈ ಹಾಕುವುದೇ ಇಲ್ಲ. ಇಡೀ ಪೆಟ್ಟಿಗೆಯನ್ನೇ ಬದಲಿಸುತ್ತವೆ. ಹಳೆಯದರಲ್ಲಿ ಕಂಪ್ಯೂಟರ್ ಇಲ್ಲ, ಅದರ ಬುದ್ಧಿಯೆಲ್ಲ ಆಯಿಲ್‌ನ ಒತ್ತಡದಲ್ಲಿದೆ. ಆ ಒತ್ತಡದ ದಾರಿಗಳನ್ನು ಬಲ್ಲವರಲ್ಲಿ ಅನೇಕರಿಗೆ ವಯಸ್ಸಾಗಿದೆ. ಕಲಿಯುವ ಹುಡುಗರು ಹೊಸ ಗಾಡಿಗಳ ಕಡೆ ಹೋಗಿದ್ದಾರೆ.

ಪೆಟ್ಟಿಗೆಯ ಒಳಗೆ

ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವೆ ಸಾಮಾನ್ಯವಾಗಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಇದೂ ಹಾಗೆಯೇ. ಗಾಳಿಯ ಬದಲು ಇಲ್ಲಿ ಆಯಿಲ್ ಇರುತ್ತದೆ. ಅದರ ಹಿಂದೆ ಒಂದರ ಸುತ್ತ ಒಂದು ಸುತ್ತುವ ಪ್ಲಾನೆಟರಿ ಗೇರುಗಳ ಗುಂಪು. ಯಾವ ಗೇರು ತಿರುಗಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಕ್ಲಚ್ ಪ್ಲೇಟುಗಳ ಕಟ್ಟುಗಳೂ ಡ್ರಮ್ಮನ್ನು ಬಿಗಿಹಿಡಿಯುವ ಉಕ್ಕಿನ ಪಟ್ಟಿಗಳೂ ನಿರ್ಧರಿಸುತ್ತವೆ. ಯಾವ ಕ್ಲಚ್‌ಗೆ ಯಾವಾಗ ಆಯಿಲ್ ಹೋಗಬೇಕೆಂದು ಹೇಳುವುದು ವಾಲ್ವ್ ಬಾಡಿ. ಇದು ಇರುವೆ ಗೂಡಿನಂತೆ ಸಣ್ಣ ಸಣ್ಣ ಕಾಲುವೆಗಳನ್ನು ಕೊರೆದ ಲೋಹದ ಹಲಗೆ. ಅದರ ಗುಂಡಿಗಳಲ್ಲಿ ಕಡಲೆಕಾಳಿನಷ್ಟು ಗೋಲಿಗಳು ಕೂತಿರುತ್ತವೆ. ಜೋಡಿಸುವಾಗ ಒಂದು ಗೋಲಿ ಜಾಗ ತಪ್ಪಿದರೂ ಗೇರು ಬೀಳುವುದಿಲ್ಲ, ಇಲ್ಲವೇ ತಪ್ಪು ಹೊತ್ತಿಗೆ ಬೀಳುತ್ತದೆ.

ಕೂಲಿ ಏಕೆ ಹೆಚ್ಚು ಎಂಬುದೂ ಇಲ್ಲೇ ತಿಳಿಯುತ್ತದೆ. ಪವರ್‌ಗ್ಲೈಡ್‌ನಂಥ ಸಾಮಾನ್ಯ ಬಾಕ್ಸ್‌ನ ಸೀಲು, ಗ್ಯಾಸ್ಕೆಟ್, ಕ್ಲಚ್ ಪ್ಲೇಟುಗಳಿರುವ ಕಿಟ್ ಕೆಲವು ನೂರು ಡಾಲರಿನೊಳಗೆ ಸಿಗುತ್ತದೆ. ಉಳಿದ ದುಡ್ಡು ಹೋಗುವುದು ಬಿಚ್ಚಿ ಇಳಿಸುವುದಕ್ಕೆ, ತೊಳೆಯುವುದಕ್ಕೆ, ಅಳೆಯುವುದಕ್ಕೆ, ಮತ್ತೆ ಕಟ್ಟುವುದಕ್ಕೆ. ಇದರಲ್ಲಿ ಅರ್ಧ ಬರೀ ಮೈಮುರಿದು ಮಾಡುವ ಕೆಲಸ, ಇನ್ನರ್ಧ ನಿಜವಾದ ಕಸುಬು. ಎರಡನ್ನೂ ಬೇರ್ಪಡಿಸಿ, ಕಸುಬಿಗೆ ಮಾತ್ರ ದುಡ್ಡು ಕೊಡಲು ಸಾಧ್ಯವಾದರೆ ಖರ್ಚು ಇಳಿಯುತ್ತದೆ.

ಇಳಿಸುವ ಮೊದಲು

ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಬಂದ ಗಾಡಿಗಳಲ್ಲೆಲ್ಲ ಗೇರ್‌ಬಾಕ್ಸೇ ಕೆಟ್ಟಿರುವುದಿಲ್ಲ. ಮೊದಲು ನೋಡಬೇಕಾದದ್ದು ಆಯಿಲ್. ಅಳತೆಕಡ್ಡಿ ಎಳೆದಾಗ ಕೆಂಪಗಿದ್ದರೆ ಸಮಾಧಾನ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಉರಿದಿವೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ನೀರು ಸೇರಿದೆ ಎಂದರ್ಥ. ಹಾಗಾದರೆ ಗೇರ್‌ಬಾಕ್ಸ್‌ನ ಜೊತೆಗೆ ರೇಡಿಯೇಟರನ್ನೂ ಸರಿಪಡಿಸಬೇಕು.

ಇನ್ನೊಂದು ಅನುಮಾನ ವ್ಯಾಕ್ಯೂಮ್ ಮಾಡ್ಯುಲೇಟರ್ ಮೇಲೆ. ಜನರಲ್ ಮೋಟರ್ಸ್ ಮತ್ತು ಫೋರ್ಡ್‌ನ ಹಲವು ಹಳೆಯ ಬಾಕ್ಸ್‌ಗಳ ಪಕ್ಕದಲ್ಲಿ ಸಣ್ಣ ಡಬ್ಬಿಯಂಥ ಈ ಭಾಗ ಇರುತ್ತದೆ. ಎಂಜಿನ್ನಿನಿಂದ ಬಂದ ರಬ್ಬರ್ ಪೈಪು ಅದಕ್ಕೆ ಸಿಕ್ಕಿಸಿರುತ್ತದೆ. ಒಳಗಿನ ಪೊರೆ ಹರಿದರೆ ಎಂಜಿನ್ ಗೇರ್ ಆಯಿಲನ್ನು ಹೀರಿಕೊಂಡು ಸುಡುತ್ತದೆ. ನೆಲದ ಮೇಲೆ ಒಂದು ಹನಿ ಲೀಕ್ ಇರುವುದಿಲ್ಲ, ಆದರೂ ಆಯಿಲ್ ಕಡಿಮೆಯಾಗುತ್ತಲೇ ಇರುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಗೇರು ಬೀಳುವಾಗ ಒದ್ದಂಥ ಹೊಡೆತ. ಪೈಪನ್ನು ಕಿತ್ತು ಅದರ ಬಾಯಿಗೆ ಬೆರಳಿಟ್ಟು ನೋಡಿದರೆ ಸಾಕು: ಬೆರಳಿಗೆ ಕೆಂಪು ಆಯಿಲ್ ಅಂಟಿದರೆ ಕಳ್ಳ ಸಿಕ್ಕಿಬಿದ್ದ. ಅಗ್ಗದ ಈ ಡಬ್ಬಿಯನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್‌ನಲ್ಲಿ ಮಾಡ್ಯುಲೇಟರ್ ಬದಲು ಕಾರ್ಬ್ಯುರೇಟರಿನಿಂದ ಬರುವ ಸಲಾಕೆ ಇರುತ್ತದೆ. ಅದು ಕಳಚಿದ್ದರೆ ಇಲ್ಲವೇ ಅಳತೆ ತಪ್ಪಿದ್ದರೆ ಒತ್ತಡ ಸಾಲದೆ ಕ್ಲಚ್‌ಗಳು ಸುಟ್ಟುಹೋಗುತ್ತವೆ. ಅದನ್ನು ಸರಿಪಡಿಸದೆ ಒಳಗನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಮತ್ತೆ ಅದೇ ಕಥೆ.

ಯಾವ ಬಾಕ್ಸ್ ಎಂದು ಗುರುತಿಸುವುದು

ಅರವತ್ತು ವರ್ಷದ ಗಾಡಿಗೆ ಕಂಪನಿ ಕೂರಿಸಿದ ಗೇರ್‌ಬಾಕ್ಸೇ ಉಳಿದಿದೆ ಎಂದು ನಂಬುವಂತಿಲ್ಲ. ನಡುವೆ ಯಾವನೋ ಬದಲಿಸಿರಬಹುದು. ಗುರುತಿಸುವ ಸುಲಭದ ದಾರಿ ತಳದ ಆಯಿಲ್ ಪ್ಯಾನಿನ ಆಕಾರ ನೋಡಿ ಬೋಲ್ಟು ಎಣಿಸುವುದು. ಅಲ್ಯೂಮಿನಿಯಂ ಪವರ್‌ಗ್ಲೈಡ್‌ಗೆ 14 ಬೋಲ್ಟು, ಫೋರ್ಡ್ ಸಿ4ಗೆ 11. ಜನರಲ್ ಮೋಟರ್ಸ್‌ನ ಟರ್ಬೋ ಹೈಡ್ರಾಮ್ಯಾಟಿಕ್ 350ಕ್ಕೆ 13 ಬೋಲ್ಟು, ಪ್ಯಾನ್ ಚೌಕಾಕಾರ, ಒಂದು ಮೂಲೆ ಮಾತ್ರ ಕತ್ತರಿಸಿದಂತೆ.

ಖರ್ಚಿನ ಅಂದಾಜು ಕಾರಿನ ಹೆಸರಿಗಿಂತ ಈ ಗುರುತಿನ ಮೇಲೆ ನಿಂತಿದೆ. ಎರಡೇ ಗೇರಿನ ಪವರ್‌ಗ್ಲೈಡ್ 1973ರವರೆಗೂ ತಯಾರಾಯಿತು. ಡ್ರ್ಯಾಗ್ ರೇಸಿನವರಿಗೆ ಅದು ಈಗಲೂ ಅಚ್ಚುಮೆಚ್ಚು, ಆದ್ದರಿಂದ ಅದರ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಸಿ4, ಟಾರ್ಕ್‌ಫ್ಲೈಟ್‌ಗಳಿಗೂ ಕೊರತೆಯಿಲ್ಲ. ಡೈನಾಫ್ಲೋ, ಮೊದಲ ಕಾಲದ ಹೈಡ್ರಾಮ್ಯಾಟಿಕ್‌ಗಳ ಮಾತು ಬೇರೆ. ಅವುಗಳ ಡ್ರಮ್ಮು, ಶಾಫ್ಟು ಸವೆದಿದ್ದರೆ ಅಂಥದೇ ಇನ್ನೊಂದು ಹಳೆಯ ಪೆಟ್ಟಿಗೆಯನ್ನು ಗುಜರಿಯಲ್ಲಿ ಹುಡುಕಿ, ಅದರಿಂದ ಕಳಚಿ ತರಬೇಕಾದೀತು.

ಯಾರ ಕೈಗೆ ಒಪ್ಪಿಸುವುದು

ವಿಂಟೇಜ್ ಕಾರು ರಿಪೇರಿ ಎಂಬ ಬೋರ್ಡು ನೋಡಿ ಹೋದವರು ಮೋಸ ಹೋಗುವುದುಂಟು. ಅಂಥ ಎಷ್ಟೋ ಗ್ಯಾರೇಜುಗಳು ಗೇರ್‌ಬಾಕ್ಸನ್ನು ಇಳಿಸಿ ಬೇರೆಯವರಿಗೆ ಕಳಿಸಿ, ಮೇಲೆ ತಮ್ಮ ಲಾಭ ಸೇರಿಸುತ್ತವೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು: ಬಿಚ್ಚಿ ಕಟ್ಟುವುದು ಇಲ್ಲೇನಾ, ಹೊರಗಾ? ಹೊರಗೆ ಎಂದಾದರೆ ನೇರ ಅಲ್ಲಿಗೇ ಹೋಗುವುದು ಮೇಲು. ಅಮೆರಿಕದಲ್ಲಿ ಗೇರ್‌ಬಾಕ್ಸ್ ಕಟ್ಟುವವರದೇ ಸಂಘವಿದೆ. ಮೆಕ್ಯಾನಿಕ್‌ಗಳಿಗೆ ಎಎಸ್‌ಇ ಸಂಸ್ಥೆ ಪರೀಕ್ಷೆ ನಡೆಸಿ ಅರ್ಹತಾಪತ್ರ ಕೊಡುತ್ತದೆ. ಅದರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಪರೀಕ್ಷೆಗೆ ಎ2 ಎಂದು ಹೆಸರು. ಆದರೆ ಹೊಸ ಗಾಡಿ ಕಲಿತವನಿಗೂ ಈ ಪತ್ರ ಸಿಗಬಹುದು. ಅದೇ ಮಾದರಿಯ ಬಾಕ್ಸನ್ನು ಇತ್ತೀಚೆಗೆ ಕಟ್ಟಿದ್ದಾನೆಯೇ ಎಂದು ಕೇಳಿ ತಿಳಿಯುವುದೇ ಹೆಚ್ಚು ಭರವಸೆ. ಕಾರು ಕ್ಲಬ್ಬಿನ ಹಿರಿಯ ಸದಸ್ಯರು, ಡ್ರ್ಯಾಗ್ ರೇಸಿನವರು, ಕಮ್ಯೂನಿಟಿ ಕಾಲೇಜಿನ ಆಟೊಮೊಬೈಲ್ ಮೇಷ್ಟ್ರುಗಳು ಇಂಥ ಕೈಗಳ ವಿಳಾಸ ಬಲ್ಲವರು. ಕೆಲಸ ಬಿಟ್ಟು ನಿವೃತ್ತರಾದವರು ಮನೆಯ ಶೆಡ್ಡಿನಲ್ಲೇ ಕಡಿಮೆ ಕೂಲಿಗೆ ಕಟ್ಟಿಕೊಡುವುದೂ ಇದೆ.

ಒಳ್ಳೆಯ ಕೈಯ ಗುರುತು ಅವನ ಉತ್ತರಗಳಲ್ಲಿ ಸಿಗುತ್ತದೆ. ಟಾರ್ಕ್ ಕನ್ವರ್ಟರನ್ನೂ ಬದಲಿಸುತ್ತೀರಾ ಅಥವಾ ಕತ್ತರಿಸಿ ಶುದ್ಧಮಾಡಿಸುತ್ತೀರಾ? ಕೂಲರ್ ಪೈಪುಗಳನ್ನು ತೊಳೆಯುತ್ತೀರಾ? ಹೌದು ಎಂದರೆ ಸರಿ; ಯಾಕೆ ಬೇಕು ಎಂದರೆ ಅಲ್ಲಿಂದ ಹೊರಡಬಹುದು. ಹಳೆಯ ಕ್ಲಚ್‌ನ ಪುಡಿ ಕನ್ವರ್ಟರಿನಲ್ಲೂ ಈ ಪೈಪುಗಳಲ್ಲೂ ಅಡಗಿದ್ದು ಹೊಸ ಭಾಗಗಳನ್ನು ತಿನ್ನುತ್ತದೆ. ಪ್ಲೇಟುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯುವುದು, ಹೊಸ ಪ್ಲೇಟುಗಳನ್ನು ಕೂರಿಸುವ ಮೊದಲು ಆಯಿಲ್‌ನಲ್ಲಿ ನೆನೆಹಾಕುವುದು, ಮುಚ್ಚುವ ಮೊದಲು ಕಂಪ್ರೆಸರ್ ಗಾಳಿ ಬಿಟ್ಟು ಪ್ರತಿ ಕ್ಲಚ್ಚೂ ಹಿಡಿಯುತ್ತದೆಯೇ ಎಂದು ನೋಡುವುದು — ಇವು ಈ ಕಸುಬಿನ ಶಿಸ್ತು.

‘ರಿಬಿಲ್ಟ್’ ಎಂಬ ಮಾತಿಗೂ ಅರ್ಥ ಕೇಳಬೇಕು. ಕೆಲವರು ಸೀಲು ಬದಲಿಸಿ ಬಣ್ಣ ಹೊಡೆದು ಹಾಗೆನ್ನುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಲ್ಲಿ ಈ ಪದ ಬಳಸಲು ಇಷ್ಟಾದರೂ ಕೆಲಸ ಆಗಿರಲೇಬೇಕೆಂಬ ಪಟ್ಟಿಯೇ ಇದೆ. ಇಳಿಸುವ ಮೊದಲು ಪರೀಕ್ಷಿಸಬೇಕೆಂದೂ ಇದೆ. ಖರ್ಚಿನ ಅಂದಾಜನ್ನು ಮೊದಲೇ ಬರಹದಲ್ಲಿ ಕೊಡುವುದು ಅಲ್ಲಿ ಕಡ್ಡಾಯ. ಬೇರೆ ಕಡೆ ಇರುವವರೂ ಈ ಮೂರನ್ನೂ ಕೇಳಿ ಪಡೆಯಬಹುದು.

ಮಾಲೀಕನ ಪಾಲು

ಇಳಿಸುವ, ಏರಿಸುವ ಕೆಲಸವನ್ನು ಮಾಲೀಕನೇ ಮಾಡಿ, ಪೆಟ್ಟಿಗೆಯನ್ನು ಮಾತ್ರ ಕಟ್ಟುವವನ ಮೇಜಿಗೆ ಒಯ್ದರೆ ಕೂಲಿಯ ದೊಡ್ಡ ಪಾಲು ಉಳಿಯುತ್ತದೆ. ಆದರೆ ಟರ್ಬೋ ಹೈಡ್ರಾಮ್ಯಾಟಿಕ್ 350ರ ತೂಕ ಆಯಿಲ್ ಇಲ್ಲದೆಯೇ ಸುಮಾರು 55 ಕೆ.ಜಿ. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಗಾಡಿ ನಿಲ್ಲಿಸದೆ, ಗೇರ್‌ಬಾಕ್ಸ್ ಜಾಕ್ ಇಲ್ಲದೆ ಗಾಡಿಯ ಅಡಿಗೆ ನುಗ್ಗಬಾರದು. ಹೀಗೆ ತಂದುಕೊಟ್ಟ ಬಾಕ್ಸ್‌ಗೆ ಗ್ಯಾರಂಟಿ ಕಡಿಮೆ ಇರುವುದೂ ಉಂಟು. ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಏರಿಸುವಾಗ ಆಗುವ ದೊಡ್ಡ ತಪ್ಪು ಕನ್ವರ್ಟರಿನದು. ಅದನ್ನು ತಿರುಗಿಸುತ್ತ ಒಳಗೆ ತಳ್ಳಿದಂತೆ ಒಂದೊಂದೇ ಹಂತ ‘ಟಕ್’ ಎಂದು ಕೂರಬೇಕು. ಕೊನೆಯ ಹಂತ ಕೂರದಿದ್ದರೂ ಬೋಲ್ಟು ಬಿಗಿದು ಎಳೆದರೆ ಆಯಿಲ್ ಪಂಪು ಒಡೆಯುತ್ತದೆ. ಹೊಸದಾಗಿ ಕಟ್ಟಿದ ಪೆಟ್ಟಿಗೆ ಒಂದು ಗಜವೂ ಓಡದೆ ಮತ್ತೆ ಇಳಿಯುತ್ತದೆ.

ಕರ್ನಾಟಕದ ಸಂಗ್ರಹಕಾರರಿಗೆ ಈ ಹಂಚಿಕೆ ಇನ್ನೂ ಮುಖ್ಯ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಕೈಯಿಂದ ಹಾಕುವ ಗೇರೇ ಇದ್ದದ್ದರಿಂದ ಬೆಂಗಳೂರಿನ ಹಳೆಯ ಮೆಕ್ಯಾನಿಕ್‌ಗಳು ಬೆಳೆದದ್ದು ಕ್ಲಚ್ ಪೆಡಲಿನ ಗಾಡಿಗಳ ನಡುವೆ. ಇಳಿಸಿ ಏರಿಸುವುದಕ್ಕೆ ಅವರ ಕೈ ಸಾಕು. ಪ್ಯಾನಿನ ಫೋಟೊದಿಂದ ಬಾಕ್ಸ್ ಗುರುತಿಸಿ ಹಗುರವಾದ ಕಿಟ್ಟನ್ನು ಹೊರದೇಶದಿಂದ ತರಿಸಬಹುದು. ಕಟ್ಟುವ ಕೈಯನ್ನು ಮಾತ್ರ ಬೇರೆಯಾಗಿ ಹುಡುಕಬೇಕು.

ಏರಿಸಿದ ಮೇಲೆ

ಆಯಿಲ್ ಯಾವುದಾದರೂ ನಡೆಯುವುದಿಲ್ಲ. ಹಳೆಯ ಫೋರ್ಡ್ ಬಾಕ್ಸ್‌ಗಳಿಗೆ ಟೈಪ್ ಎಫ್, ಜನರಲ್ ಮೋಟರ್ಸ್‌ನವಕ್ಕೆ ಡೆಕ್ಸ್‌ರಾನ್. ಎರಡರ ಜಾರುಗುಣ ಬೇರೆ, ಗೇರು ಬೀಳುವ ಬಗೆಯೂ ಬೇರೆ. ಮಟ್ಟ ನೋಡುವುದು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ. ಟರ್ಬೋ ಹೈಡ್ರಾಮ್ಯಾಟಿಕ್ 350ರಲ್ಲಿ ಪಾರ್ಕ್‌ನಲ್ಲಿಟ್ಟು ನೋಡಿದರೆ ಸರಿ, ಟಾರ್ಕ್‌ಫ್ಲೈಟ್‌ನಲ್ಲಿ ನ್ಯೂಟ್ರಲ್‌ನಲ್ಲೇ ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಿಸುವುದು ವಾಡಿಕೆ. ತಳದಲ್ಲಿ ವಿಭೂತಿ ಸವರಿದಷ್ಟು ಬೂದುಬಣ್ಣದ ತೆಳು ಲೇಪ ಕಂಡರೆ ಅದು ಹೊಸ ಪ್ಲೇಟುಗಳು ಹದಕ್ಕೆ ಬಂದದ್ದರ ಗುರುತು. ಹೊಳೆಯುವ ಲೋಹದ ಚೂರುಗಳು ಕಂಡರೆ ಗ್ಯಾರಂಟಿ ಮುಗಿಯುವ ಮೊದಲೇ ಕಟ್ಟಿದವನ ಬಳಿಗೆ ಹಿಂತಿರುಗಬೇಕು.