ಕಲನಪೂರ್ವ ಗಣಿತ

ಕಲನಪೂರ್ವ ಗಣಿತ (ಪ್ರಿಕ್ಯಾಲ್ಕ್ಯುಲಸ್) ಎಂಬುದು ಕಲನಶಾಸ್ತ್ರದ ಅಧ್ಯಯನಕ್ಕೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಪಠ್ಯಕ್ರಮವಾಗಿದೆ. ಬೀಜಗಣಿತ, ತ್ರಿಕೋನಮಿತಿ ಹಾಗೂ ನಿರ್ದೇಶಾಂಕ ರೇಖಾಗಣಿತಗಳನ್ನು ಫಲನ (ಫಂಕ್ಷನ್) ಎಂಬ ಪರಿಕಲ್ಪನೆಯ ಮೂಲಕ ಜೋಡಿಸುವುದು ಇದರ ಮುಖ್ಯ ಉದ್ದೇಶ. ಅಮೆರಿಕದ ಪ್ರೌಢಶಾಲೆಗಳಲ್ಲಿ ಇದು ಪ್ರತ್ಯೇಕ ವಿಷಯವಾಗಿದ್ದು, ಆಳವಾಗಿ ಕಲಿಯಬಯಸುವವರಿಗೆ ‘ಆನರ್ಸ್’ ತರಗತಿಗಳಿರುತ್ತವೆ. ಕರ್ನಾಟಕದಲ್ಲಿ ಈ ಹೆಸರಿನ ವಿಷಯವಿಲ್ಲ; ಪ್ರಥಮ ಪಿಯುಸಿಯ ಗಣಿತವೇ ಆ ಸ್ಥಾನವನ್ನು ತುಂಬುತ್ತದೆ.

ಪಠ್ಯವಸ್ತು

ರಾಜ್ಯದ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ 2012–13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮ ಜಾರಿಯಲ್ಲಿದೆ. ಗಣಗಳು, ಸಂಬಂಧಗಳು ಮತ್ತು ಫಲನಗಳು, ತ್ರಿಕೋನಮಿತೀಯ ಫಲನಗಳು, ಸಂಕೀರ್ಣ ಸಂಖ್ಯೆಗಳು, ಅಸಮತೆಗಳು, ಕ್ರಮಯೋಜನೆ ಮತ್ತು ವಿಕಲ್ಪ, ದ್ವಿಪದ ಪ್ರಮೇಯ, ಶ್ರೇಢಿಗಳು, ಸರಳರೇಖೆ, ಶಂಕುಚ್ಛೇದಗಳು, ಸಂಭವನೀಯತೆ ಮೊದಲಾದವು ಇದರ ಅಧ್ಯಾಯಗಳು. ಎಸ್‌ಎಸ್‌ಎಲ್‌ಸಿಯಲ್ಲಿ ಲಂಬಕೋನ ತ್ರಿಭುಜಕ್ಕೆ ಸೀಮಿತವಾಗಿದ್ದ ತ್ರಿಕೋನಮಿತಿಯು ಇಲ್ಲಿ ರೇಡಿಯನ್ ಅಳತೆಯ ನೆರವಿನಿಂದ ಎಲ್ಲ ಕೋನಗಳಿಗೂ ವಿಸ್ತರಿಸುತ್ತದೆ.

ಮಿತಿ (ಲಿಮಿಟ್) ಎಂಬ ಕಲ್ಪನೆಯಿಂದ ಕಲನಶಾಸ್ತ್ರದ ಬಾಗಿಲು ತೆರೆಯುತ್ತದೆ. ಬಾವಿಗೆ ಬಿಟ್ಟ ಕಲ್ಲು ಕ್ರಮಿಸುವ ದೂರ, ಮೀಟರುಗಳಲ್ಲಿ, ಸೆಕೆಂಡುಗಳ ವರ್ಗದ ಸುಮಾರು 5 ಪಟ್ಟು. 1ನೇ ಸೆಕೆಂಡಿನಿಂದ 1.1ನೇ ಸೆಕೆಂಡಿನವರೆಗೆ ಅದರ ಸರಾಸರಿ ವೇಗ ಸೆಕೆಂಡಿಗೆ 10.5 ಮೀಟರ್, 1.01ನೇ ಸೆಕೆಂಡಿನವರೆಗೆ 10.05 ಮೀಟರ್. ಅವಧಿ ಕಿರಿದಾದಂತೆ ವೇಗವು 10ನ್ನು ಸಮೀಪಿಸುತ್ತದೆ. ಆ 10ನ್ನೇ ಮಿತಿ ಎನ್ನುತ್ತಾರೆ. ಅದೇ ಆ ಕ್ಷಣದ ವೇಗ.

ಐತಿಹಾಸಿಕ ಹಿನ್ನೆಲೆ

ಈ ಪಠ್ಯದ ಕೆಲವು ವಿಷಯಗಳಿಗೆ ಕಲಬುರಗಿ ಸೀಮೆಯೊಂದಿಗೆ ಹಳೆಯ ನಂಟಿದೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ನಿಯಮ ಅದರಲ್ಲಿದೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಆತ ಹೇಳಿದ್ದಾನೆ. ಇಂದಿನ ಸಂಕೀರ್ಣ ಸಂಖ್ಯೆಗಳ ಪಾಠ ಆರಂಭವಾಗುವುದೇ ಆ ತೊಡಕಿನಿಂದ.

ಕಲಿಕೆಯ ಸವಾಲುಗಳು

ಅಫಜಲಪುರ, ಆಳಂದ, ಜೇವರ್ಗಿಯಂತಹ ತಾಲೂಕುಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಿಯುಸಿಯಲ್ಲಿ ಗಣಿತದೊಂದಿಗೆ ಭಾಷೆಯೂ ಬದಲಾಗುತ್ತದೆ, ಏಕೆಂದರೆ ವಿಜ್ಞಾನ ವಿಭಾಗದ ಬೋಧನೆ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ‘ಶ್ರೇಢಿ’ ಎಂದು ಕಲಿತದ್ದು ‘ಪ್ರೊಗ್ರೆಷನ್’ ಆಗಿ ಎದುರಾದಾಗ, ತಿಳಿದ ವಿಷಯವೂ ಹೊಸದೆನಿಸುತ್ತದೆ. ಎರಡೂ ಪದಗಳನ್ನು ಜೊತೆಜೊತೆಯಾಗಿ ಬರೆದುಕೊಳ್ಳುವುದು ಇದಕ್ಕೆ ಸರಳ ಉಪಾಯ.

ಇನ್ನೊಂದು ತೊಡಕು ಈ ವರ್ಷದ ಬಗೆಗಿನ ಉಪೇಕ್ಷೆ. ಎಂಜಿನಿಯರಿಂಗ್ ಪ್ರವೇಶದ ಸಿಇಟಿ ರ‍್ಯಾಂಕಿಗೆ ದ್ವಿತೀಯ ಪಿಯುಸಿ ಅಂಕಗಳನ್ನಷ್ಟೇ ಸೇರಿಸುವುದರಿಂದ ಪ್ರಥಮ ವರ್ಷವನ್ನು ಹಗುರವಾಗಿ ಕಾಣುವವರುಂಟು. ಆದರೆ ಸಿಇಟಿ ಮತ್ತು ಜೆಇಇ ಪ್ರಶ್ನೆಪತ್ರಿಕೆಗಳು ಎರಡೂ ವರ್ಷಗಳ ಪಠ್ಯವನ್ನು ಒಳಗೊಳ್ಳುತ್ತವೆ. ಮೇಲಾಗಿ ದ್ವಿತೀಯ ವರ್ಷದ ಅವಕಲನ, ಅನುಕಲನಗಳು ಫಲನ ಮತ್ತು ತ್ರಿಕೋನಮಿತೀಯ ಸೂತ್ರಗಳನ್ನೇ ಅವಲಂಬಿಸಿವೆ. ಅವು ಕೈವಶವಾಗದಿದ್ದರೆ ಕಲನಶಾಸ್ತ್ರವು ಬರಿಯ ಕಂಠಪಾಠವಾಗಿ ಉಳಿಯುತ್ತದೆ.