ಒಮ್ಮೆ ಗಣಿಸಿದ ಫಲವನ್ನು ಕಾದಿರಿಸುವ ಕ್ರಮ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಜಕಾರ್ಡ್ ಕಟ್ಟಿದ ಮಗ್ಗದಲ್ಲಿ ಹೂಬಳ್ಳಿಯನ್ನು ನೇಯುವುದಕ್ಕೆ ಮುನ್ನ ಅದನ್ನು ಚೌಕುಳಿ ಕಾಗದದ ಮೇಲೆ ಬರೆದು, ತದನುಸಾರವಾಗಿ ರಟ್ಟಿನ ಪಟ್ಟಿಗಳಲ್ಲಿ ರಂಧ್ರಗಳನ್ನು ಕೊರೆಯಬೇಕು. ಇದು ಬಹು ಶ್ರಮದ ಕೆಲಸ. ಆದರೆ ಒಮ್ಮೆ ಸಿದ್ಧವಾದ ಪಟ್ಟಿಗಳಿಂದ ಅನೇಕ ಸೀರೆಗಳನ್ನು ನೇಯಬಹುದು. ಜಾಲತಾಣಗಳ ರಚನೆಯಲ್ಲಿ ‘ಕ್ಯಾಷ್’ ಎನಿಸಿಕೊಳ್ಳುವ ಕ್ರಮಕ್ಕೂ ಇದೇ ತತ್ತ್ವವು ಆಧಾರವಾಗಿದೆ.

ಚಳ್ಳಕೆರೆಯ ಮಾರುಕಟ್ಟೆಯ ಶೇಂಗಾ ಧಾರಣೆಯನ್ನು ತೋರಿಸುವ ಜಾಲಪುಟವೊಂದನ್ನು ಊಹಿಸೋಣ. ಪುಟವು ಸಿದ್ಧವಾಗುವಾಗ ಒಂದು ಸಹಾಯಕ ಫಂಕ್ಷನ್ ದಿನದ ಕನಿಷ್ಠ, ಗರಿಷ್ಠ ಧಾರಣೆಗಳನ್ನೂ ಕಳೆದ 30 ದಿನಗಳ ಸರಾಸರಿಯನ್ನೂ ಗಣಿಸುತ್ತದೆ. ಇದಕ್ಕೆ 2 ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ, 500 ಮಂದಿ ನೋಡುವಷ್ಟರಲ್ಲಿ ಸರ್ವರಿನ 1,000 ಸೆಕೆಂಡುಗಳು ಒಂದೇ ಉತ್ತರಕ್ಕಾಗಿ ವ್ಯಯವಾಗುತ್ತವೆ. ಮೊದಲ ಸಲದ ಫಲವನ್ನೇ ಕಾದಿರಿಸಿದರೆ ಉಳಿದ 499 ಮಂದಿಗೆ ಅದನ್ನು ತೆಗೆದುಕೊಟ್ಟರೆ ಸಾಕು. ಹೀಗೆ ತನ್ನ ಫಲವನ್ನು ನೆನಪಿಟ್ಟುಕೊಳ್ಳುವ ಫಂಕ್ಷನ್ನಿಗೆ 1968ರಲ್ಲಿ ಬ್ರಿಟಿಷ್ ವಿಜ್ಞಾನಿ ಡೊನಾಲ್ಡ್ ಮಿಕಿ ‘ಮೆಮೊ ಫಂಕ್ಷನ್’ ಎಂಬ ಹೆಸರನ್ನಿತ್ತರು.

ಕಾದಿರಿಸಿದ ಪ್ರತಿಯೊಂದು ಫಲಕ್ಕೂ ಒಂದು ಗುರುತಿನ ಕೀಲಿ ಇರಬೇಕು. ಫಲವು ಯಾವ ಯಾವ ಅಂಶಗಳನ್ನು ಅವಲಂಬಿಸಿದೆಯೋ ಅವೆಲ್ಲವೂ ಆ ಕೀಲಿಯಲ್ಲಿ ಅಡಕವಾಗಿರತಕ್ಕದ್ದು: ಮಾರುಕಟ್ಟೆ, ಬೆಳೆ, ತಳಿ, ದಿನಾಂಕ. ಮಾರುಕಟ್ಟೆಯ ಹೆಸರನ್ನು ಬಿಟ್ಟರೆ ಚಿತ್ರದುರ್ಗದ ಧಾರಣೆಯು ಚಳ್ಳಕೆರೆಯದೆಂದು ಕಾಣಿಸೀತು. ಪುಟದಲ್ಲಿ ರೈತನ ಸಾಲದ ಲೆಕ್ಕವೂ ಇದ್ದು, ಕೀಲಿಯಲ್ಲಿ ಅವನ ಗುರುತು ಇಲ್ಲದಿದ್ದರೆ, ಒಬ್ಬನ ಲೆಕ್ಕವು ಮತ್ತೊಬ್ಬನ ಕಣ್ಣಿಗೆ ಬಿದ್ದೀತು.

ಮಗ್ಗದ ಪಟ್ಟಿಗೂ ಮಾರುಕಟ್ಟೆಯ ಧಾರಣೆಗೂ ಇರುವ ಭೇದವು ಇಲ್ಲಿ ಗಮನಾರ್ಹ. ವಿನ್ಯಾಸವು ಬದಲಾಗದಿರುವ ತನಕ ಪಟ್ಟಿಯು ಸುಳ್ಳಾಗದು; ಧಾರಣೆಯಾದರೋ ಹೊಸ ಹರಾಜಿನೊಡನೆ ಬದಲಾಗುತ್ತದೆ. ಕಾದಿರಿಸಿದ ಫಲಕ್ಕೆ 10 ನಿಮಿಷಗಳ ಅವಧಿಯನ್ನು ವಿಧಿಸಿದರೆ, ಹಳೆಯ ಅಂಕಿಯು ಅಷ್ಟು ಹೊತ್ತು ಉಳಿದೀತು. ಹೊಸ ಧಾರಣೆಯನ್ನು ದಾಖಲಿಸಿದ ಕೂಡಲೇ ಹಳೆಯ ಫಲವನ್ನು ಅಳಿಸುವುದು ಇದಕ್ಕಿಂತ ಮೇಲು. ಅವಧಿಯನ್ನೂ ಜೊತೆಗಿಟ್ಟರೆ, ಅಳಿಸಲು ಮರೆತಲ್ಲಿ ಅದು ರಕ್ಷಣೆಯಾಗುತ್ತದೆ. ಅಳಿಸಿದ ಕ್ಷಣದಲ್ಲಿ ನೂರಾರು ಮಂದಿ ಒಟ್ಟಿಗೆ ಬಂದರೆ ಗಣನೆಯು ನೂರಾರು ಸಲ ಆರಂಭವಾಗದಂತೆ, ಒಂದು ಗಣನೆಯನ್ನು ಮಾತ್ರ ನಡೆಯಗೊಟ್ಟು ಇತರರನ್ನು ಕಾಯಿಸಬೇಕು.

ನಿಧಾನವಾದ ಪುಟವು ರೈತನನ್ನು ಕೆಲಕಾಲ ಕಾಯಿಸುತ್ತದೆ, ಅಷ್ಟೆ. ನಿನ್ನೆಯ ಧಾರಣೆಯನ್ನು ಇಂದಿನದೆಂದು ವೇಗವಾಗಿ ತೋರಿಸುವ ಪುಟವು ಅವನ ವರ್ಷದ ಬೆಳೆಯನ್ನೇ ಕಡಿಮೆ ಬೆಲೆಗೆ ಮಾರಿಸೀತು. ಆದುದರಿಂದ ಯಾವ ಫಲವನ್ನು ಕಾದಿರಿಸಬಹುದೆಂಬುದಕ್ಕೆ ಮೊದಲು, ಅದು ಯಾವಾಗ ಸುಳ್ಳಾಗುವುದೆಂಬುದನ್ನು ನಿಶ್ಚಯಿಸುವುದು ಅವಶ್ಯ.